ಓಡಾಟ ನಿಮ್ಮದು, ಪಾಯಿಂಟ್ ಯಾರದು?

ವ್ಯಾಪಾರದ ಕೆಲಸಕ್ಕೆ ಊರೂರು ತಿರುಗುವ ಮಹಿಳೆಯರೇ, ವಿಮಾನ, ರೈಲು, ಹೋಟೆಲ್ ಅಂತ ನೀವು ಮಾಡುವ ಖರ್ಚಿನಲ್ಲಿ ಒಂದಿಷ್ಟು ವಾಪಸ್ ಬರುವ ದಾರಿಯಿದೆ. ಆದರೆ ಅದು ಬರಬೇಕಾದದ್ದು ನಿಮ್ಮ ಹೆಸರಿಗೆ!

'ಮೇಡಂ, ನಿಮ್ಮ ಮೆಂಬರ್‌ಶಿಪ್ ನಂಬರ್ ಹೇಳ್ತೀರಾ?'

'ಅದೆಂಥದಮ್ಮ ಅದು?'

ಬೆಂಗಳೂರು ವಿಮಾನ ನಿಲ್ದಾಣದ ಕೌಂಟರಿನಲ್ಲಿ ಈ ಮಾತು ನಡೆದಾಗ, ಆಲ್ದೂರು ಕಡೆಯ ನಮ್ಮ ಪರಿಚಯದ ಅಕ್ಕ ಐದನೇ ಸಲ ವಿಮಾನ ಪ್ರಯಾಣಕ್ಕೆ ಹೊರಟಿದ್ದರು. ಮನೆಯ ತೋಟದ ಕಾಫಿಯನ್ನು ಹುರಿದು, ಪುಡಿ ಮಾಡಿ, ಜೊತೆಗೆ ಕಾಳುಮೆಣಸು, ಏಲಕ್ಕಿ ಪ್ಯಾಕೆಟ್ ಕಟ್ಟಿ ಮಾರುವುದು ಅವರ ಕಸುಬು. ಅದಕ್ಕಾಗಿಯೇ ಎರಡು ವರ್ಷದಲ್ಲಿ ಎರಡು ಸಲ ದೆಹಲಿ ಮೇಳ, ಒಂದು ಸಲ ಮುಂಬೈ, ಒಂದು ಸಲ ಅಹಮದಾಬಾದ್ ನೋಡಿ ಬಂದಿದ್ದರು. ಪ್ರತಿ ಸಲವೂ ಟಿಕೆಟ್ ಮಾಡಿಸಿದ್ದು ಪೇಟೆಯ ಏಜೆಂಟ್. ಹಣ ಹೋದದ್ದು ಯಜಮಾನರ ಕ್ರೆಡಿಟ್ ಕಾರ್ಡಿನಿಂದ. ಇವರ ಕೆಲಸ ಆಧಾರ್ ಕಾರ್ಡ್ ಹಿಡಿದುಕೊಂಡು ಹೋಗಿ ಹತ್ತುವುದು, ಇಳಿಯುವುದು ಅಷ್ಟೇ.

ಐದನೇ ಸಲ ಹೊರಟದ್ದು ಮಾತ್ರ ಕಾಫಿಪುಡಿ ಮಾರಲಿಕ್ಕಲ್ಲ. ದೆಹಲಿಯಲ್ಲಿದ್ದ ಮಗಳಿಗೆ ದಿನ ತುಂಬುವ ಮೂರು ವಾರ ಮೊದಲೇ ಹೆರಿಗೆಯಾಗಿತ್ತು. ಬಾಣಂತನಕ್ಕೆ ಅಮ್ಮ ಹೋಗದೆ ಇರಲಾದೀತೇ? ಮರುದಿನ ಬೆಳಗಿನ ವಿಮಾನ, ಟಿಕೆಟ್ ಬೆಲೆ ಮಾಮೂಲಿಗಿಂತ ದುಪ್ಪಟ್ಟಿಗೂ ಹೆಚ್ಚು! 'ನಾಲ್ಕು ಸಲ ಹೋಗಿ ಬಂದಿದ್ದೀನಲ್ಲ, ಆ ಪಾಯಿಂಟೆಲ್ಲ ಎಲ್ಲಿ ಹೋಯ್ತು?' ಎಂದು ಕೇಳಿದರೆ ಕೌಂಟರಿನ ಹುಡುಗಿ ಹೇಳಿದ್ದು: 'ನಂಬರ್ ಹಾಕಿಲ್ಲ ಅಂದ್ರೆ ಎಲ್ಲೂ ಹೋಗಿಲ್ಲ ಮೇಡಂ, ಅದು ಹುಟ್ಟೇ ಇಲ್ಲ.'

ಯಜಮಾನರ ಕಾರ್ಡಿನ ಪಾಯಿಂಟ್ ಮಾತ್ರ ಚೆನ್ನಾಗಿ ಹುಟ್ಟಿ ಬೆಳೆದು, ಮನೆಗೆ ಒಂದು ಮಿಕ್ಸಿಯಾಗಿ ಬಂದಿತ್ತಂತೆ!

ನಾಲ್ಕು ಪ್ರಯಾಣದ ಪಾಯಿಂಟಿನಲ್ಲಿ ಇಡೀ ಟಿಕೆಟ್ ಬಿಟ್ಟಿಯಾಗಿ ಸಿಗುತ್ತಿತ್ತು ಎಂದು ನಾವು ಹೇಳುತ್ತಿಲ್ಲ. ಆದರೆ ಅಂಥ ಅವಸರದ ದಿನ ಎರಡು ಸಾವಿರ ರೂಪಾಯಿ ಇಳಿದರೂ ಅದು ದೊಡ್ಡದೇ ಅಲ್ಲವೇ? ಅದಕ್ಕೇ ಈ ಲೇಖನ.

ಏನಿದು ಪಾಯಿಂಟ್ ಲೆಕ್ಕ?

ತಿಂಗಳು ತಿಂಗಳೂ ಸಾಮಾನು ಒಯ್ಯುವ ಮನೆಗೆ ದಿನಸಿ ಅಂಗಡಿಯವರು ಯುಗಾದಿಗೆ ಒಂದಚ್ಚು ಬೆಲ್ಲ ಹೆಚ್ಚಿಗೆ ಹಾಕಿ ಕೊಡುವುದಿಲ್ಲವೇ? ಇದೂ ಅದೇ. ಗಿರಾಕಿ ಬೇರೆ ಅಂಗಡಿಗೆ ಹೋಗದಿರಲಿ ಎಂಬ ಉಪಾಯ. ಅಮೆರಿಕನ್ ಏರ್‌ಲೈನ್ಸ್ ಕಂಪನಿ 1981ರ ಮೇ ತಿಂಗಳಲ್ಲಿ 'ಆಡ್ವಾಂಟೇಜ್' ಎಂಬ ಹೆಸರಿನಲ್ಲಿ ಇಂಥ ಯೋಜನೆ ತಂದ ಮೇಲೆ ಲೋಕದ ವಿಮಾನ ಕಂಪನಿಗಳೆಲ್ಲ ಒಂದೊಂದಾಗಿ ಅದೇ ದಾರಿ ಹಿಡಿದವು. ನಮ್ಮ ಏರ್ ಇಂಡಿಯಾದ 'ಫ್ಲೈಯಿಂಗ್ ರಿಟರ್ನ್ಸ್' 2025ರಲ್ಲಿ 'ಮಹಾರಾಜ ಕ್ಲಬ್' ಎಂದು ಹೆಸರು ಬದಲಿಸಿಕೊಂಡಿತು. 2006ರಲ್ಲಿ ಹಾರಾಟ ಶುರುಮಾಡಿದ ಇಂಡಿಗೋ 'ಬ್ಲೂಚಿಪ್' ಯೋಜನೆ ತಂದದ್ದು 2024ರಲ್ಲಿ. ಎರಡಕ್ಕೂ ಸೇರಲು ಒಂದು ಪೈಸೆ ಕೊಡಬೇಕಿಲ್ಲ.

ಪಾಯಿಂಟಿನಲ್ಲಿ ಎರಡು ಜಾತಿ ಇದೆ ಎಂಬುದನ್ನು ತಿಳಿದುಕೊಂಡರೆ ಅರ್ಧ ಗೊಂದಲ ಕಳೆದ ಹಾಗೆ. ಒಂದು, ಖರ್ಚು ಮಾಡುವ ಪಾಯಿಂಟ್. ಇದನ್ನು ಕೊಟ್ಟು ಟಿಕೆಟ್ ಪಡೆಯಬಹುದು, ಮೇಲಿನ ದರ್ಜೆಯ ಸೀಟು ಕೇಳಬಹುದು. ಇನ್ನೊಂದು, ಅಂತಸ್ತಿನ ಪಾಯಿಂಟ್. ಇದನ್ನು ಖರ್ಚು ಮಾಡಲಾಗದು, ಆದರೆ ವರ್ಷದಲ್ಲಿ ಇಷ್ಟು ಎಂದು ಕೂಡಿದರೆ ಬೆಳ್ಳಿ, ಚಿನ್ನ ಎಂದು ನಿಮ್ಮ ದರ್ಜೆ ಏರುತ್ತದೆ. ದರ್ಜೆ ಏರಿದವರಿಗೆ ಹೆಚ್ಚು ಲಗೇಜು, ಬೇರೆ ಸಾಲು, ಲೌಂಜಿನಲ್ಲಿ ಕೂತು ತಿಂಡಿ ತಿನ್ನುವ ಅವಕಾಶ ಇತ್ಯಾದಿ. ವರ್ಷಕ್ಕೆ ಎರಡು ಮೂರು ಸಲ ಹಾರುವವರು ಚಿನ್ನದ ಕನಸು ಕಾಣಬೇಡಿ. ನಿಮಗೆ ಲಾಭ ಮೊದಲನೇ ಜಾತಿಯಲ್ಲಿ.

ಹಿಂದೆ ಎಷ್ಟು ದೂರ ಹಾರಿದಿರಿ ಎಂಬುದರ ಮೇಲೆ ಪಾಯಿಂಟ್ ಕೊಡುತ್ತಿದ್ದರು. ಈಗ ಎಷ್ಟು ರೂಪಾಯಿ ಕೊಟ್ಟಿರಿ ಎಂಬುದರ ಮೇಲೆ ಕೊಡುವುದು ಹೆಚ್ಚು. ಏರ್ ಇಂಡಿಯಾ 2024ರಲ್ಲಿ ಈ ಪದ್ಧತಿಗೆ ಬದಲಾಯಿತು.

ಮೊದಲು ಹೆಸರು ಸರಿಯಾಗಲಿ

ಖಾತೆ ತೆರೆಯುವುದು ಐದು ನಿಮಿಷದ ಕೆಲಸ. ಆದರೆ ನಮ್ಮ ಹೆಣ್ಣುಮಕ್ಕಳು ಎಡವುವುದು ಇಲ್ಲಿಯೇ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಅಪ್ಪನ ಇನಿಷಿಯಲ್, ಆಧಾರಿನಲ್ಲಿ ಗಂಡನ ಹೆಸರು, ಪಾನ್ ಕಾರ್ಡಿನಲ್ಲಿ ಊರಿನ ಹೆಸರು! ಸದಸ್ಯತ್ವದಲ್ಲಿ ಒಂದು ಹೆಸರು, ಟಿಕೆಟ್ಟಿನಲ್ಲಿ ಇನ್ನೊಂದು ಹೆಸರು ಇದ್ದರೆ ಕಂಪ್ಯೂಟರು ಪಾಯಿಂಟ್ ಸೇರಿಸುವುದಿಲ್ಲ. ಹಾಗಾಗಿ ವಿಮಾನ ನಿಲ್ದಾಣದಲ್ಲಿ ಯಾವ ಗುರುತಿನ ಚೀಟಿ ತೋರಿಸುತ್ತೀರೋ ಅದರಲ್ಲಿರುವ ಹೆಸರನ್ನೇ, ಅಕ್ಷರ ಅಕ್ಷರ ನೋಡಿ, ಖಾತೆಗೂ ಟಿಕೆಟ್ಟಿಗೂ ಹಾಕಿಸಿ. ವಿದೇಶಕ್ಕೆ ಹೋಗುವ ಯೋಚನೆಯಿದ್ದರೆ ಪಾಸ್‌ಪೋರ್ಟಿನ ಹೆಸರೇ ಇರಲಿ.

ಎರಡನೆಯದು ಮೊಬೈಲ್ ನಂಬರ್ ಮತ್ತು ಇ-ಮೇಲ್. 'ಅವರದೇ ಹಾಕಿಬಿಡಿ, ನನಗೇನು ಗೊತ್ತಾಗತ್ತೆ' ಎನ್ನಬೇಡಿ. ಪಾಯಿಂಟ್ ಬಳಸುವಾಗ ಒಟಿಪಿ ಬರುವುದು ಆ ನಂಬರಿಗೆ. ಗಂಡ ತೋಟದಲ್ಲಿ ಮರಗಸಿ ಮಾಡಿಸುತ್ತಿದ್ದು ಸಿಗ್ನಲ್ ಸಿಗದಿದ್ದರೆ ನೀವು ಕೌಂಟರಿನಲ್ಲಿ ಕೈಕಟ್ಟಿ ನಿಲ್ಲಬೇಕಾಗುತ್ತದೆ. ಮಗನದೋ ಅಳಿಯನದೋ ಸಹಾಯ ಪಡೆಯಿರಿ, ತಪ್ಪಿಲ್ಲ. ನಂಬರ್ ಮಾತ್ರ ನಿಮ್ಮದೇ ಇರಲಿ, ಪಾಸ್‌ವರ್ಡ್ ನಿಮ್ಮ ಡೈರಿಯಲ್ಲೇ ಇರಲಿ.

ಟಿಕೆಟ್ ಯಾರೇ ಮಾಡಿಸಲಿ, ನಂಬರ್ ನಿಮ್ಮದು

ಒಂದು ತಪ್ಪು ತಿಳಿವಳಿಕೆ ಎಲ್ಲ ಕಡೆ ಇದೆ. ಹಣ ಕೊಟ್ಟವರಿಗೆ ಪಾಯಿಂಟ್ ಹೋಗುತ್ತದೆ ಅಂತ. ಹಾಗಲ್ಲ! ವಿಮಾನ ಕಂಪನಿಯ ಪಾಯಿಂಟ್ ಸಾಮಾನ್ಯವಾಗಿ ಸೀಟಿನಲ್ಲಿ ಕೂತು ಪ್ರಯಾಣ ಮಾಡಿದವರಿಗೆ. ಕಾರ್ಡಿನ ಪಾಯಿಂಟ್ ಕಾರ್ಡಿನ ಒಡೆಯರಿಗೆ. ಎರಡೂ ಬೇರೆ ಬೇರೆ. ಏಜೆಂಟ್ ಟಿಕೆಟ್ ಮಾಡಿದರೂ, ಗಂಡ ಹಣ ಕೊಟ್ಟರೂ, ನೀವು ಕೆಲಸ ಮಾಡುವ ಕಂಪನಿಯೇ ಕಳಿಸಿದರೂ ನಿಮ್ಮ ಸದಸ್ಯತ್ವದ ನಂಬರನ್ನು ಟಿಕೆಟ್ಟಿಗೆ ಸೇರಿಸಲು ಹೇಳಿ. ಮರೆತುಹೋಯಿತೇ? ವೆಬ್ ಚೆಕ್‌-ಇನ್ ಮಾಡುವಾಗ ಸೇರಿಸಿ. ಅದೂ ಆಗಲಿಲ್ಲವೇ? ಕೌಂಟರಿನಲ್ಲಿ ಹೇಳಿ.

ಪ್ರಯಾಣ ಮುಗಿದ ಮೇಲೂ ಬಿಟ್ಟುಹೋದ ಪಾಯಿಂಟ್ ಕೇಳಿ ಪಡೆಯಲು ಕಂಪನಿಗಳು ಇಂತಿಷ್ಟು ತಿಂಗಳು ಎಂದು ಗಡುವು ಕೊಡುತ್ತವೆ. ಅದಕ್ಕೆ ಟಿಕೆಟ್ ನಂಬರ್ ಮತ್ತು ಬೋರ್ಡಿಂಗ್ ಪಾಸ್ ಬೇಕು. ಊರಿಗೆ ಬಂದ ಕೂಡಲೇ ಪರ್ಸ್ ಖಾಲಿ ಮಾಡುವಾಗ ಆ ಚೀಟಿಯನ್ನು ಒಲೆಗೆ ಹಾಕಬೇಡಿ. ಪಾಯಿಂಟ್ ಖಾತೆಗೆ ಬಂತೆಂದು ಕಣ್ಣಾರೆ ಕಂಡ ಮೇಲೆ ಎಸೆದರಾಯಿತು.

ಇ-ಮೇಲಿನ ಮಾತೂ ಹಾಗೆಯೇ. ಮೇಲಿನ ದರ್ಜೆಯಲ್ಲಿ ಸೀಟು ಉಳಿದಾಗ, ಹೊರಡುವ ಒಂದೆರಡು ದಿನ ಮೊದಲು, 'ಇಷ್ಟು ಹಣ ಸೇರಿಸಿದರೆ ಬಿಸಿನೆಸ್ ಕ್ಲಾಸ್ ಕೊಡುತ್ತೇವೆ' ಎಂದು ಕೆಲವು ಕಂಪನಿಗಳು ಪತ್ರ ಕಳಿಸುತ್ತವೆ. ನೀವೇ ಒಂದು ಬೆಲೆ ಕೂಗಿ ಹರಾಜಿನಂತೆ ಕೇಳುವ ಪದ್ಧತಿಯೂ ಉಂಟು. ಟಿಕೆಟ್ಟಿನಲ್ಲಿ ಏಜೆಂಟರ ಇ-ಮೇಲ್ ಇದ್ದರೆ ಆ ಪತ್ರ ಅವರಿಗೆ ಹೋಗುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ.

ಅಪ್‌ಗ್ರೇಡ್ ಯಾರಿಗೆ ಸಿಗುತ್ತದೆ?

ಆಲ್ದೂರು, ಮೂಡಿಗೆರೆ, ಕಳಸದ ಕಡೆ ಹೋಂಸ್ಟೇ ನಡೆಸುವ ಹೆಣ್ಣುಮಕ್ಕಳಿಗೆ ಇದನ್ನು ಹೇಳಿಕೊಡಬೇಕಾಗಿಯೇ ಇಲ್ಲ. ಯೋಚಿಸಿ ನೋಡಿ. ಸೋಮವಾರ ರಾತ್ರಿ, ನಿಮ್ಮಲ್ಲಿ ತೋಟ ಕಾಣುವ ದೊಡ್ಡ ಕೋಣೆ ಖಾಲಿ ಇದೆ. ಚಿಕ್ಕ ಕೋಣೆ ಹೇಳಿದ್ದ ಮೂರು ಮನೆಯವರು ಬಂದಿದ್ದಾರೆ. ದೊಡ್ಡದನ್ನು ಯಾರಿಗೆ ಬಿಟ್ಟುಕೊಡುತ್ತೀರಿ? ಆನ್‌ಲೈನ್ ಕಂಪನಿಗೆ ಕಮಿಷನ್ ಹೋದ ಬುಕಿಂಗಿನವರಿಗೋ, ನೇರ ನಿಮಗೇ ಫೋನ್ ಮಾಡಿದವರಿಗೋ? ಹೋದ ವರ್ಷವೂ ಬಂದಿದ್ದವರಿಗೋ, ಹೊಸಬರಿಗೋ? 'ಅಕ್ಕ, ನಮ್ಮತ್ತೆಗೆ ಮೆಟ್ಟಿಲು ಹತ್ತಕ್ಕಾಗಲ್ಲ, ಕೆಳಗಿನ ಕೋಣೆ ಖಾಲಿ ಇದ್ರೆ ನೋಡ್ತೀರಾ?' ಎಂದು ನಗುತ್ತಾ ಕೇಳಿದವರಿಗೋ, ಬಂದ ಕೂಡಲೇ ಜಗಳ ತೆಗೆದವರಿಗೋ?

ಬೆಂಗಳೂರಿನ, ದೆಹಲಿಯ ಹೋಟೆಲ್ ರಿಸೆಪ್ಶನ್ನಿನಲ್ಲಿ ನಿಂತ ಹುಡುಗಿಯೂ ನಿಮ್ಮ ಹಾಗೆಯೇ ಯೋಚಿಸುತ್ತಾಳೆ! ಹಾಗಾಗಿ ಸೂತ್ರ ಇಷ್ಟೇ: ನೇರ ಬುಕ್ ಮಾಡಿ, ಅದೇ ಜಾಗಕ್ಕೆ ಮತ್ತೆ ಹೋಗಿ, ಕಾರಣ ಹೇಳಿ, ಮೆಲ್ಲಗೆ ಕೇಳಿ. ಅಳೋ ಮಗುವಿಗೇ ತಾಯಿ ಹಾಲು ಕೊಡೋದು.

'ನೇರ' ಎಂಬುದಕ್ಕೆ ಇನ್ನೂ ಒಂದು ಕಾರಣವಿದೆ. ಮ್ಯಾರಿಯಟ್ ಬಾನ್‌ವಾಯ್‌ನಂಥ ದೊಡ್ಡ ಹೋಟೆಲ್ ಯೋಜನೆಗಳು ಬೇರೆ ವೆಬ್‌ಸೈಟಿನಿಂದ ಬಂದ ಬುಕಿಂಗಿಗೆ ಸಾಮಾನ್ಯವಾಗಿ ಪಾಯಿಂಟ್ ಕೊಡುವುದಿಲ್ಲ. ವೆಬ್‌ಸೈಟಿನಲ್ಲಿ ಬೆಲೆ ಕಡಿಮೆ ಕಂಡರೆ ಹೋಟೆಲ್ಲಿಗೇ ಫೋನ್ ಮಾಡಿ, 'ಈ ಬೆಲೆಗೆ ನೀವೇ ಕೊಡ್ತೀರಾ?' ಎಂದು ಕೇಳಿ ನೋಡಿ. ಸಣ್ಣ ಹೋಟೆಲ್ಲುಗಳು ಎಷ್ಟೋ ಸಲ ಒಪ್ಪುತ್ತವೆ.

ಏನನ್ನು ಕೇಳಬೇಕು ಎಂಬುದೂ ಮುಖ್ಯ. ನಮ್ಮ ಕಡೆಯವರು ರಾತ್ರಿ ಬಸ್ಸು ಹತ್ತಿ ಬೆಳಗಿನ ಜಾವ ಬೆಂಗಳೂರಿನಲ್ಲಿ ಇಳಿಯುವವರು. ಹೋಟೆಲ್ಲಿನ ಕೋಣೆ ಸಿಗುವುದು ಮಧ್ಯಾಹ್ನ. ಅಲ್ಲಿಯವರೆಗೆ ಮುಖ ತೊಳೆಯಲು, ಸೀರೆ ಬದಲಿಸಲು ಜಾಗವಿಲ್ಲದೆ ಪರದಾಡಿದ್ದು ನೆನಪಿದೆಯೇ? ನಿಮಗೆ ಬೇಕಾದದ್ದು ದೊಡ್ಡ ಮಂಚವಲ್ಲ, ಬೆಳಗ್ಗೆ ಏಳಕ್ಕೇ ಕೋಣೆಯ ಕೀಲಿ! ಹಿಂದಿನ ದಿನವೇ ಫೋನ್ ಮಾಡಿ ಅದನ್ನು ಕೇಳಿ. ಒಬ್ಬರೇ ಹೋಗುವುದಾದರೆ ಕಾರಿಡಾರಿನ ಕೊನೆಯ ಕೋಣೆ ಬೇಡ, ಲಿಫ್ಟಿನ ಹತ್ತಿರದ್ದು ಬೇಕು ಎಂದೂ ಹೇಳಿ. ಇವೆಲ್ಲ ಪಾಯಿಂಟ್ ಇಲ್ಲದೆಯೂ ಸಿಗುವ ಅಪ್‌ಗ್ರೇಡುಗಳು.

ವಿಮಾನದಲ್ಲಿ ಬಿಟ್ಟಿ ಬಿಸಿನೆಸ್ ಕ್ಲಾಸ್ ಸಿಗುವುದು ಅಪರೂಪ. ಎಕಾನಮಿಯಲ್ಲಿ ಸೀಟಿಗಿಂತ ಹೆಚ್ಚು ಟಿಕೆಟ್ ಮಾರಿದ್ದರೆ ಕೆಲವರನ್ನು ಮೇಲೆ ಕೂರಿಸುತ್ತಾರೆ, ಅದರಲ್ಲೂ ಸದಸ್ಯರಿಗೆ, ದರ್ಜೆ ಇದ್ದವರಿಗೆ ಮೊದಲ ಆದ್ಯತೆ. ಅಪ್‌ಗ್ರೇಡ್ ಅವರ ದಾಕ್ಷಿಣ್ಯ. ಆದರೆ ಡೌನ್‌ಗ್ರೇಡ್ ಮಾಡಿದರೆ ಪರಿಹಾರ ನಿಮ್ಮ ಹಕ್ಕು! ಮೇಲಿನ ದರ್ಜೆಗೆ ಹಣ ಕೊಟ್ಟವರನ್ನು ಅವರ ಇಷ್ಟಕ್ಕೆ ವಿರುದ್ಧವಾಗಿ ಕೆಳಗಿನ ದರ್ಜೆಯಲ್ಲಿ ಕೂರಿಸಿದರೆ, ದೇಶದೊಳಗಿನ ಪ್ರಯಾಣದಲ್ಲಿ ತೆರಿಗೆ ಸೇರಿ ಟಿಕೆಟ್ ಹಣದ ಶೇ. 75 ವಾಪಸ್ ಕೊಡಬೇಕೆಂದು ಡಿಜಿಸಿಎ 2023ರಲ್ಲಿ ನಿಯಮ ಮಾಡಿದೆ. ವಿದೇಶ ಪ್ರಯಾಣಕ್ಕೆ ದೂರ ನೋಡಿ ಶೇ. 30ರಿಂದ 75. ಟಿಕೆಟ್ ಇದ್ದೂ, ಸಮಯಕ್ಕೆ ಬಂದಿದ್ದೂ ಹತ್ತಿಸಿಕೊಳ್ಳದೆ, ಒಂದು ಗಂಟೆಯೊಳಗೆ ಹೊರಡುವ ಬೇರೆ ವಿಮಾನವನ್ನೂ ಕೊಡದಿದ್ದರೆ ಅದಕ್ಕೂ ಪರಿಹಾರದ ನಿಯಮವಿದೆ. ಸುಮ್ಮನೆ ಕಣ್ಣೀರು ಹಾಕಿಕೊಂಡು ಬರಬೇಡಿ, ಬರವಣಿಗೆಯಲ್ಲಿ ಕೇಳಿ.

ರೈಲಿನಲ್ಲೂ ಉಂಟು ಬಡ್ತಿ

ಕಡೂರಿನಲ್ಲೋ ಬೀರೂರಿನಲ್ಲೋ ರೈಲು ಹತ್ತುವವರು ಕೇಳಿ. ರೈಲ್ವೆಯಲ್ಲಿ 2006ರಿಂದಲೂ ತಾನಾಗಿಯೇ ಮೇಲಿನ ದರ್ಜೆಗೆ ಹೋಗುವ ವ್ಯವಸ್ಥೆ ಇದೆ. ಚಾರ್ಟ್ ತಯಾರಾಗುವಾಗ ಮೇಲಿನ ದರ್ಜೆಯಲ್ಲಿ ಬರ್ತ್ ಖಾಲಿ ಉಳಿದಿದ್ದರೆ, ಪೂರ್ತಿ ಹಣ ಕೊಟ್ಟ ಕೆಳಗಿನ ದರ್ಜೆಯವರಲ್ಲಿ ಕೆಲವರನ್ನು ಕಂಪ್ಯೂಟರೇ ಅಲ್ಲಿಗೆ ಕಳಿಸುತ್ತದೆ. ಒಂದು ರೂಪಾಯಿ ಹೆಚ್ಚಿಗೆ ಕೊಡಬೇಕಿಲ್ಲ. ಟಿಕೆಟ್ ಮಾಡುವಾಗ 'ಆಟೋ ಅಪ್‌ಗ್ರೇಡೇಶನ್' ಎಂಬಲ್ಲಿ ಗುರುತು ಹಾಕಿದ್ದರಾಯಿತು. ರಿಯಾಯಿತಿ ಟಿಕೆಟ್ಟಿನವರಿಗೆ, ಪಾಸಿನವರಿಗೆ ಇದಿಲ್ಲ.

ಆದರೆ ಒಂದು ಎಚ್ಚರಿಕೆ. ಬಡ್ತಿ ಸಿಕ್ಕಾಗ ಕೋಚ್ ಮತ್ತು ಬರ್ತ್ ಎರಡೂ ಬದಲಾಗುತ್ತವೆ. ಮೊಣಕಾಲು ನೋವೆಂದು ನೀವು ಕೇಳಿ ಪಡೆದ ಲೋಯರ್ ಬರ್ತ್ ಹೋಗಿ ಎಸಿ ಬೋಗಿಯ ಅಪ್ಪರ್ ಬರ್ತ್ ಬಂದೀತು! ವಯಸ್ಸಾದ ಅತ್ತೆಯೋ ಬಸುರಿ ಮಗಳೋ ಜೊತೆಗಿದ್ದರೆ 'ಬೇಡ' ಎಂದು ಗುರುತು ಹಾಕುವುದೇ ಜಾಣತನ. ಪಿಎನ್‌ಆರ್ ನಂಬರ್ ಬದಲಾಗುವುದಿಲ್ಲ. ಚಾರ್ಟ್ ಆದ ಮೇಲೆ ಅದನ್ನೊಮ್ಮೆ ನೋಡಿಯೇ ಸ್ಟೇಷನ್ನಿಗೆ ಹೊರಡಿ. ಇಲ್ಲವಾದರೆ ಕಡೂರಿನ ಪ್ಲಾಟ್‌ಫಾರಂನಲ್ಲಿ ಲಗೇಜು ಹಿಡಿದು ಓಡುವ ಪಾಡು.

ಬಸ್ಸಿನ ಲೆಕ್ಕ ಮರೆಯಬೇಡಿ

ಪಾಯಿಂಟ್ ಪಾಯಿಂಟ್ ಎಂದು ಆಕಾಶ ನೋಡುತ್ತಾ ಕಾಲಬುಡದ ಉಳಿತಾಯ ಬಿಡಬಾರದು. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಲ್ಲಿ ಕರ್ನಾಟಕದ ಮಹಿಳೆಯರಿಗೆ ರಾಜ್ಯದೊಳಗೆ ಸಾಮಾನ್ಯ ಮತ್ತು ವೇಗದೂತ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಉಚಿತ. ಆಲ್ದೂರಿನಿಂದ ಇಪ್ಪತ್ತು ಕಿಲೋಮೀಟರ್ ಆಸುಪಾಸಿನ ಚಿಕ್ಕಮಗಳೂರಿಗೂ, ಅಲ್ಲಿಂದ ಬೆಂಗಳೂರಿಗೂ ಹೀಗೆ ಹೋಗಬಹುದು. ರಾಜಹಂಸ, ಸ್ಲೀಪರ್, ಎಸಿ ಬಸ್ಸುಗಳಿಗೆ ಮಾತ್ರ ಇದು ಅನ್ವಯಿಸದು.

ಅಂಥ ಬಸ್ಸು ಬೇಕೆನಿಸಿದರೆ? ಹೋಗುವ ಮತ್ತು ಬರುವ ಟಿಕೆಟ್ಟನ್ನು ಒಟ್ಟಿಗೇ ಕಾಯ್ದಿರಿಸಿ. ಕೆಎಸ್‌ಆರ್‌ಟಿಸಿ ಬರುವ ಟಿಕೆಟ್ಟಿಗೆ ಶೇ. 10 ರಿಯಾಯಿತಿ ಕೊಡುತ್ತದೆ. ನಾಲ್ಕು ಅಥವಾ ಹೆಚ್ಚು ಜನ ಒಂದೇ ಟಿಕೆಟ್ಟಿನಲ್ಲಿ ಹೋದರೆ ಶೇ. 5. ಸ್ವಸಹಾಯ ಸಂಘದವರು ಮೇಳಕ್ಕೆ ಒಟ್ಟಾಗಿ ಹೋಗುವಾಗ ಬೇರೆ ಬೇರೆ ಟಿಕೆಟ್ ಏಕೆ?

ಹಾಂ, ಮಂಗಳೂರಿನಿಂದ ವಿಮಾನ ಹತ್ತುವವರಿಗೆ ಒಂದು ಕಿವಿಮಾತು. ಮಳೆಗಾಲದಲ್ಲಿ ಚಾರ್ಮಾಡಿ ಘಾಟಿಯನ್ನು ನಂಬಿ ಬೆಳಗಿನ ವಿಮಾನ ಬುಕ್ ಮಾಡಬೇಡಿ. ಘಾಟಿಯಲ್ಲಿ ಮರ ಬಿದ್ದು ವಿಮಾನ ತಪ್ಪಿದರೆ ಟಿಕೆಟ್ಟೂ ಇಲ್ಲ, ಪಾಯಿಂಟೂ ಇಲ್ಲ.

ಬಿಲ್ಲಿನಲ್ಲಿ ಜಿಎಸ್‌ಟಿ ನಂಬರ್ ಇದೆಯೇ?

ನಿಮ್ಮ ಕಾಫಿಪುಡಿ ವ್ಯಾಪಾರ ಜಿಎಸ್‌ಟಿಯಲ್ಲಿ ನೋಂದಣಿಯಾಗಿದ್ದರೆ ಇದು ಪಾಯಿಂಟಿಗಿಂತ ಗಟ್ಟಿ ಲಾಭ. ಎಕಾನಮಿ ವಿಮಾನ ಟಿಕೆಟ್ಟಿಗೆ ಶೇ. 5 ಜಿಎಸ್‌ಟಿ ಇದೆ. ವ್ಯಾಪಾರಕ್ಕಾಗಿಯೇ ಹೋದ ಪ್ರಯಾಣವಾದರೆ ಆ ತೆರಿಗೆಯನ್ನು ನೀವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯಬಹುದು. ಆದರೆ ಟಿಕೆಟ್ ಮಾಡುವಾಗಲೇ ನಿಮ್ಮ ಜಿಎಸ್‌ಟಿ ನಂಬರ್ ಹಾಕಿಸಿರಬೇಕು. ಆಮೇಲೆ ನೆನಪಾದರೆ ಕೆಲಸ ಕಷ್ಟ. ಕಾಂಪೊಸಿಷನ್ ಪದ್ಧತಿಯಲ್ಲಿರುವವರಿಗೆ ಈ ಸೌಲಭ್ಯವಿಲ್ಲ. ದಿನಕ್ಕೆ 7,500 ರೂ.ವರೆಗಿನ ಹೋಟೆಲ್ ಕೋಣೆಗೆ 2025ರ ಸೆಪ್ಟೆಂಬರ್ 22ರಿಂದ ತೆರಿಗೆ ಶೇ. 5ಕ್ಕೆ ಇಳಿದಿದೆ, ಆದರೆ ಅದನ್ನು ಕಳೆಯಲು ಬರುವುದಿಲ್ಲ. ಮಗಳ ಬಾಣಂತನಕ್ಕೆ ಹೋದ ಟಿಕೆಟ್ಟನ್ನು ವ್ಯಾಪಾರದ ಲೆಕ್ಕಕ್ಕೆ ಸೇರಿಸಬೇಡಿ. ನಿಮ್ಮ ಲೆಕ್ಕಪರಿಶೋಧಕರನ್ನು ಒಮ್ಮೆ ಕೇಳಿಯೇ ಮುಂದುವರಿಯಿರಿ.

ವಿದೇಶಿ ವ್ಯಾಪಾರಿಗಳನ್ನು ಕಾಣಲು ಹೊರದೇಶಕ್ಕೆ ಹೋಗುವವರಿಗೆ ಇನ್ನೊಂದು ಮಾತು. ಸಿಂಗಪುರ ಏರ್‌ಲೈನ್ಸ್‌ನ 'ಹೈಫ್ಲೈಯರ್', ಎಮಿರೇಟ್ಸ್‌ನ 'ಬಿಸಿನೆಸ್ ರಿವಾರ್ಡ್ಸ್' ಎಂಬ ಯೋಜನೆಗಳು ಸಣ್ಣ ಸಂಸ್ಥೆಗಳಿಗೂ ಇವೆ. ಒಂದೇ ಪ್ರಯಾಣಕ್ಕೆ ಸಂಸ್ಥೆಯ ಖಾತೆಗೊಂದು, ಪ್ರಯಾಣಿಸಿದವರ ಖಾತೆಗೊಂದು ಎಂದು ಎರಡು ಕಡೆ ಪಾಯಿಂಟ್ ಸೇರುತ್ತದೆ.

ಬೇರೆಯವರ ಕಂಪನಿಯಲ್ಲಿ ನೌಕರಿ ಮಾಡುತ್ತಾ ಓಡಾಡುವವರು, ಪಾಯಿಂಟನ್ನು ಸ್ವಂತಕ್ಕೆ ಬಳಸಬಹುದೇ ಎಂದು ಆಫೀಸಿನಲ್ಲಿ ಕೇಳಿಕೊಳ್ಳಿ. ಹೆಚ್ಚಿನ ಕಡೆ ಅಡ್ಡಿ ಇರುವುದಿಲ್ಲ, ಸರ್ಕಾರಿ ಕೆಲಸದಲ್ಲಿ ನಿಯಮ ಬೇರೆ ಇರಬಹುದು. ಪಾಯಿಂಟ್ ಆಸೆಗೆ ಆಫೀಸಿನ ಹಣದಲ್ಲಿ ದುಬಾರಿ ಟಿಕೆಟ್ ಮಾಡಿಸುವುದು ಮಾತ್ರ ಸರಿಯಲ್ಲ.

ಕಾರ್ಡ್: ಎರಡು ಬಾಯಿಯ ಕತ್ತಿ

ಕ್ರೆಡಿಟ್ ಕಾರ್ಡಿನಲ್ಲಿ ಟಿಕೆಟ್ ಮಾಡಿದರೆ ಇನ್ನಷ್ಟು ಪಾಯಿಂಟ್ ಬರುವುದು ನಿಜ. ಐಆರ್‌ಸಿಟಿಸಿ ಜೊತೆ ಸೇರಿ ಕೆಲವು ಬ್ಯಾಂಕುಗಳು ರೈಲು ಟಿಕೆಟ್ಟಿಗೆಂದೇ ಕಾರ್ಡು ಕೊಡುತ್ತವೆ. ಆದರೆ ಬಿಲ್ಲನ್ನು ಪೂರ್ತಿ ಕಟ್ಟದೆ ಉಳಿಸಿಕೊಂಡರೆ ಎಷ್ಟೋ ಕಾರ್ಡುಗಳಲ್ಲಿ ಬಡ್ಡಿ ತಿಂಗಳಿಗೆ ಶೇ. 3ಕ್ಕೂ ಮೇಲೆ! ವರ್ಷಕ್ಕೆ ಲೆಕ್ಕ ಹಾಕಿ, ಎದೆ ಝಲ್ಲೆನ್ನುತ್ತದೆ. ಕಾಫಿ ಹಣ ಬರುವುದು ವರ್ಷಕ್ಕೊಮ್ಮೆ, ಕಾರ್ಡಿನ ಬಿಲ್ ಬರುವುದು ತಿಂಗಳಿಗೊಮ್ಮೆ. ಇದು ನೆನಪಿರಲಿ.

ಇನ್ನು 'ಆಡ್-ಆನ್ ಕಾರ್ಡ್'. ನಿಮ್ಮ ಹೆಸರು ಅಚ್ಚಾಗಿರುತ್ತದೆ, ಆದರೆ ಪಾಯಿಂಟ್ ಸೇರುವುದು ಮುಖ್ಯ ಕಾರ್ಡಿನವರಿಗೆ. ಸಂಬಳದ ಚೀಟಿ ಇಲ್ಲ, ನನಗ್ಯಾರು ಕಾರ್ಡ್ ಕೊಡ್ತಾರೆ ಎನ್ನುವಿರಾ? ನಿಮ್ಮ ಹೆಸರಿನ ನಿಶ್ಚಿತ ಠೇವಣಿಯ ಮೇಲೆ ಹಲವು ಬ್ಯಾಂಕುಗಳು ಕಾರ್ಡ್ ಕೊಡುತ್ತವೆ, ಕೇಳಿ ನೋಡಿ.

ಪಾಯಿಂಟ್ ಎಂದರೆ ಬಂಗಾರವಲ್ಲ

ಕೂಡಿಟ್ಟ ಚಿನ್ನಕ್ಕೆ ಬೆಲೆ ಏರುತ್ತದೆ. ಕೂಡಿಟ್ಟ ಪಾಯಿಂಟಿಗೆ ಬೆಲೆ ಇಳಿಯುತ್ತದೆ. ಇಂದು ಹತ್ತು ಸಾವಿರ ಪಾಯಿಂಟಿಗೆ ಸಿಗುವ ಟಿಕೆಟ್ಟಿಗೆ ನಾಳೆ ಹದಿನೈದು ಸಾವಿರ ಕೇಳುವ ಅಧಿಕಾರ ಕಂಪನಿಗಿದೆ. ಗಡುವು ಮೀರಿದರೆ ಪಾಯಿಂಟೇ ಇಲ್ಲ. ಮ್ಯಾರಿಯಟ್ ಬಾನ್‌ವಾಯ್‌ನಲ್ಲಿ 24 ತಿಂಗಳು ಖಾತೆ ಮುಟ್ಟದಿದ್ದರೆ ಪಾಯಿಂಟ್ ಹೋಗುತ್ತದೆ. ಕಂಪನಿಯೇ ಮುಚ್ಚಿದರೆ? 2012ರ ಅಕ್ಟೋಬರಿನಲ್ಲಿ ಕಿಂಗ್‌ಫಿಶರ್ ವಿಮಾನಗಳು ನೆಲ ಹಿಡಿದಾಗ ಅದರ 'ಕಿಂಗ್ ಕ್ಲಬ್' ಸದಸ್ಯರು ಕೂಡಿಟ್ಟ ಮೈಲುಗಳೂ ಕೆಲಸಕ್ಕೆ ಬಾರದೆ ಹೋದವು. ಆದ್ದರಿಂದ ಬಳಸುವಷ್ಟಾದ ಕೂಡಲೇ ಬಳಸಿಬಿಡಿ.

ಬಳಸುವ ಮೊದಲು ಒಂದು ಸಣ್ಣ ಲೆಕ್ಕ. ಉದಾಹರಣೆಗೆ, ಟಿಕೆಟ್ ಬೆಲೆ 6,000 ರೂ. ಎಂದಿಟ್ಟುಕೊಳ್ಳಿ. ಪಾಯಿಂಟಿನಲ್ಲಿ ಪಡೆದರೂ ತೆರಿಗೆ, ಶುಲ್ಕ ಎಂದು 1,000 ರೂ. ಕೈಯಿಂದ ಕೊಡಬೇಕು. ಅಂದರೆ ಉಳಿದದ್ದು 5,000 ರೂ. ಅದಕ್ಕೆ ಕೇಳುವುದು 10,000 ಪಾಯಿಂಟ್. ಹಾಗಾದರೆ ಒಂದು ಪಾಯಿಂಟಿಗೆ ಐವತ್ತು ಪೈಸೆ. ಅದೇ ಟಿಕೆಟ್ ಅವಸರದ ದಿನ 12,000 ರೂ. ಆಗಿ, ಪಾಯಿಂಟ್ ಅಷ್ಟೇ ಕೇಳಿದರೆ ಒಂದು ಪಾಯಿಂಟಿಗೆ ಒಂದು ರೂಪಾಯಿಗೂ ಹೆಚ್ಚು! ಕೆಲವು ಕಡೆ ಬೆಲೆ ಏರಿದ ಹಾಗೆ ಪಾಯಿಂಟೂ ಏರುತ್ತದೆ, ಎರಡನ್ನೂ ಹೋಲಿಸಿ ನೋಡಿ. ಪಾಯಿಂಟ್ ಕೊಟ್ಟು ಟ್ರಾಲಿ ಬ್ಯಾಗು, ಮಿಕ್ಸಿ ತರಿಸಿಕೊಂಡರೆ ಹೆಚ್ಚಾಗಿ ನಷ್ಟವೇ.

ಪಾಯಿಂಟ್ ಬರುತ್ತದೆಂದು ಸಾವಿರ ರೂಪಾಯಿ ಹೆಚ್ಚಿನ ಟಿಕೆಟ್ ಕೊಳ್ಳುವುದು, ಬೇಡದ ಪ್ರಯಾಣ ಮಾಡುವುದು ಎರಡೂ ಕೂಡದು. ಆನೆ ಕೊಂಡು ಅಂಕುಶ ಉಳಿಸಿದ ಹಾಗಾದೀತು.

ಮೋಸ ಹೋಗಬೇಡಿ

'ನಿಮ್ಮ 9,850 ಪಾಯಿಂಟ್ ಇಂದೇ ಮುಗಿಯುತ್ತದೆ, ಈ ಲಿಂಕ್ ಒತ್ತಿ' ಎಂದು ಮೆಸೇಜ್ ಬಂದರೆ ಮುಟ್ಟಲೇಬೇಡಿ. ಬ್ಯಾಂಕಿನ ಹೆಸರಿನಲ್ಲಿ ಬರುವ ಇಂಥ ಮೆಸೇಜಿನಿಂದ ಫೋನಿಗೆ ಕಳ್ಳ ಆಪ್ ಇಳಿಸಿ ಖಾತೆ ಬರಿದು ಮಾಡುವವರಿದ್ದಾರೆ. ಕಂಪನಿಯ ಆಪನ್ನು ನೀವೇ ತೆರೆದು ಪಾಯಿಂಟ್ ನೋಡಿಕೊಳ್ಳಿ. ಒಟಿಪಿಯನ್ನು ಯಾರಿಗೂ ಹೇಳಬೇಡಿ. ಹಣ ಹೋಗಿಯೇಬಿಟ್ಟರೆ ನಾಚಿಕೆಪಟ್ಟು ಮುಚ್ಚಿಡದೆ ತಕ್ಷಣ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ತಿಳಿಸಿದರೆ ಹಣ ತಡೆಯುವ ಸಾಧ್ಯತೆ ಅಷ್ಟು ಹೆಚ್ಚು.

ಇಷ್ಟು ನೆನಪಿರಲಿ

* ನೀವು ಹೆಚ್ಚು ಹೋಗುವ ಒಂದೆರಡು ವಿಮಾನ ಕಂಪನಿಗೆ ಮಾತ್ರ ಸದಸ್ಯರಾಗಿ. ಹತ್ತು ಕಡೆ ಚಿಲ್ಲರೆ ಚೆಲ್ಲಬೇಡಿ.
* ಗುರುತಿನ ಚೀಟಿ, ಟಿಕೆಟ್, ಖಾತೆ ಮೂರರಲ್ಲೂ ಒಂದೇ ಹೆಸರು.
* ಮೊಬೈಲ್, ಇ-ಮೇಲ್ ನಿಮ್ಮದೇ.
* ಸದಸ್ಯತ್ವದ ನಂಬರುಗಳನ್ನು ಒಂದು ಚೀಟಿಯಲ್ಲಿ ಬರೆದು ಏಜೆಂಟರಿಗೆ ಕೊಟ್ಟಿಡಿ, ಪರ್ಸಿನಲ್ಲೂ ಒಂದಿರಲಿ.
* ಪಾಯಿಂಟ್ ಬರುವವರೆಗೆ ಬೋರ್ಡಿಂಗ್ ಪಾಸ್ ಜೋಪಾನ.
* ಮೂರು ತಿಂಗಳಿಗೊಮ್ಮೆ ಖಾತೆ ನೋಡಿ, ಮುಗಿಯುವ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಅಂದಹಾಗೆ, ನಮ್ಮ ಆಲ್ದೂರಿನ ಅಕ್ಕ ಏನು ಮಾಡಿದರು? ಬಾಣಂತನ ಮುಗಿಸಿ ವಾಪಸ್ ಬರುವ ಮೊದಲೇ, ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಮಗಳಿಂದಲೇ ಖಾತೆ ತೆರೆಸಿಕೊಂಡರು. ಐದನೇ ಪ್ರಯಾಣದ ಬೋರ್ಡಿಂಗ್ ಪಾಸ್ ಪರ್ಸಿನಲ್ಲೇ ಇತ್ತಂತೆ. ಸದಸ್ಯರಾಗುವ ಮೊದಲು ಮಾಡಿದ ಆ ಪ್ರಯಾಣಕ್ಕೂ ಪಾಯಿಂಟ್ ಸಿಗಬಹುದೇ ಎಂದು ಕೇಳಿದಾಗ, ಸ್ವಲ್ಪ ದಿನ ಕಾದ ಮೇಲೆ ಅದೂ ಬಂತು. ಆಮೇಲೆ ಎರಡು ಮೇಳ ಆಯಿತು. ಮೊಮ್ಮಗನ ಮೊದಲ ಹುಟ್ಟುಹಬ್ಬಕ್ಕೆ ಹೋಗುವಾಗ ಟಿಕೆಟ್ ಬೆಲೆಯಲ್ಲಿ ಒಂದೂವರೆ ಸಾವಿರಕ್ಕೂ ಹೆಚ್ಚು ಇಳಿಯಿತಂತೆ.

'ದೊಡ್ಡ ದುಡ್ಡೇನಲ್ಲ ಬಿಡಿ' ಎಂದು ಫೋನಿನಲ್ಲಿ ನಕ್ಕರು. 'ಆದ್ರೆ ಯಾರ ಹತ್ರಾನೂ ಕೇಳ್ದೆ ನನ್ನ ಫೋನಲ್ಲೇ ನಾನೇ ಟಿಕೆಟ್ ಮಾಡಿದ್ನಲ್ಲ, ಅದು!'

ಈಗ ಯಜಮಾನರೇ ಕೇಳುತ್ತಿದ್ದಾರಂತೆ, 'ನಂಗೂ ಒಂದು ನಂಬರ್ ಮಾಡಿಕೊಡು ಮಾರಾಯ್ತಿ' ಅಂತ!